ಕಂಪ್ಯೂಟರ್‌ನಲ್ಲಿ ಜಿಗ್ಸಾ: ಅರ್ಧಕ್ಕೆ ಬಿಡದೆ ಮುಗಿಸುವುದು ಹೇಗೆ

ನಮ್ಮ ಓಣಿಯಲ್ಲಿ ಕಂಪ್ಯೂಟರ್ ಜಿಗ್ಸಾ, ಅಂದರೆ ತುಂಡು ತುಂಡು ಮಾಡಿದ ಚಿತ್ರವನ್ನು ಮತ್ತೆ ಜೋಡಿಸುವ ಆಟ, ಶುರು ಮಾಡಿದವರು ಬಹಳ ಮಂದಿ. ಮುಗಿಸಿದವರು ಬೆರಳೆಣಿಕೆ. ಭಾನುವಾರ ಊಟ ಆದ ಮೇಲೆ 500 ತುಂಡಿನ ಚಿತ್ರ ತೆರೆಯುತ್ತಾರೆ. ಸಂಜೆ ಚಹಾದ ಹೊತ್ತಿಗೆ ನನಗೆ ಫೋನ್ ಬರುತ್ತದೆ: "ಸರ್, ಅರ್ಧ ತಾಸಿನಿಂದ ಒಂದ್ ತುಂಡೂ ಕುಂದ್ರವಲ್ದ್ರೀ. ಕಂಪ್ಯೂಟರೇ ಕೆಟ್ಟೈತೋ ಏನೋ." ಕಂಪ್ಯೂಟರ್ ಕೆಟ್ಟಿರುವುದಿಲ್ಲ. ಹೋಗಿ ನೋಡಿದರೆ ಎಲ್ಲರ ಮನೆಯಲ್ಲೂ ಅವೇ ಮೂರು ನಾಲ್ಕು ತಪ್ಪು. ಅದರಲ್ಲೂ ಹೆಚ್ಚಿನವು ಮೊದಲ ತುಂಡು ಮುಟ್ಟುವ ಮುಂಚೆಯೇ ಆಗಿರುತ್ತವೆ.

ಅದಕ್ಕೇ ಈ ಬರಹದ ಅರ್ಧ ಭಾಗ ತಯಾರಿಯ ಬಗ್ಗೆ ಇದೆ. ಅದನ್ನು ಹಾರಿಸಿ ಮುಂದೆ ಹೋದರೆ ಮತ್ತೆ ನನಗೇ ಫೋನ್ ಮಾಡುತ್ತೀರಿ.

ಬೇಕಾದ ಸಾಮಾನು

ಕಂಪ್ಯೂಟರ್ ಹೊಸದೇ ಆಗಬೇಕೆಂದಿಲ್ಲ. ಎಂಟು ಹತ್ತು ವರ್ಷದ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಆದರೆ ಮೌಸ್ ಬೇಕೇ ಬೇಕು. ಟಚ್‌ಪ್ಯಾಡ್ ಮೇಲೆ ಬೆರಳು ಒತ್ತಿ ಹಿಡಿದು ಎಳೆಯುವಾಗ ಅರ್ಧ ದಾರಿಯಲ್ಲಿ ತುಂಡು ಜಾರುತ್ತದೆ. ಹತ್ತು ತುಂಡಿಗೆ ಇದು ಸಹಿಸಬಹುದು, ಇನ್ನೂರಕ್ಕೆ ಆಗುವುದಿಲ್ಲ. ಜೊತೆಗೆ ಒಂದು ಮೌಸ್‌ಪ್ಯಾಡ್. ಇಲ್ಲದಿದ್ದರೆ ಹಳೆಯ ನೋಟ್‌ಬುಕ್ಕಿನ ರಟ್ಟು ಸಾಕು. ಗಾಜಿನ ಮೇಜಿನ ಮೇಲೆ ಮಾತ್ರ ಮೌಸ್ ಇಡಬೇಡಿ, ಬಾಣದ ಗುರುತು ಹುಚ್ಚು ಹಿಡಿದಂತೆ ಕುಣಿಯುತ್ತದೆ.

ಇಷ್ಟೇ. ಹೆಡ್‌ಫೋನ್, ಗೇಮಿಂಗ್ ಕುರ್ಚಿ ಯಾವುದೂ ಬೇಡ.

ಹಂತ 1: ಚಿತ್ರ ಆರಿಸುವುದು

ನೋಡಲು ಚೆಂದದ ಚಿತ್ರ ಬೇರೆ, ಜೋಡಿಸಲು ಚೆಂದದ ಚಿತ್ರ ಬೇರೆ. ಮೊದಲ ಸಲ ಆಡುವವರು ಸೋಲುವುದು ಇಲ್ಲೇ.

ಉಣಕಲ್ ಕೆರೆಯ ಸೂರ್ಯಾಸ್ತ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ಅದ್ಭುತವಾಗಿ ಬಂದಿರುತ್ತದೆ. ಮೇಲರ್ಧ ಕೇಸರಿ ಆಕಾಶ, ಕೆಳಗರ್ಧ ಅದೇ ಆಕಾಶದ ನೆರಳು ಬಿದ್ದ ಕೇಸರಿ ನೀರು, ನಡುವೆ ನಡುಗಡ್ಡೆಯ ವಿವೇಕಾನಂದರ ಮೂರ್ತಿ ಕಪ್ಪಗೆ ಚಿಕ್ಕದಾಗಿ. ಇದನ್ನು 300 ತುಂಡು ಮಾಡಿದರೆ 250ಕ್ಕೂ ಹೆಚ್ಚು ತುಂಡು ಬರೀ ಕೇಸರಿ. ಯಾವುದು ನೀರು, ಯಾವುದು ಬಾನು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯೂ ಹಾಗೇ. ರಾಶಿ ಮಾತ್ರ ಇದ್ದರೆ ಎಲ್ಲಾ ತುಂಡೂ ಕೆಂಪು, ಎಲ್ಲಾ ತುಂಡೂ ಸುಕ್ಕು. ಅದೇ ರಾಶಿಯ ಹಿಂದೆ ಗೋಣಿಚೀಲದ ಸಾಲು, ತಲೆಗೆ ರುಮಾಲು ಸುತ್ತಿದ ಇಬ್ಬರು ಹಮಾಲರು, ಒಂದು ತಕ್ಕಡಿ ಇದ್ದರೆ ಅದು ಒಳ್ಳೆಯ ಜಿಗ್ಸಾ ಚಿತ್ರ. ಹಿಡಿಯಲು ಏನಾದರೂ ಸಿಗುತ್ತದೆ.

ಚಿತ್ರವನ್ನು ಹೀಗೆ ಪರೀಕ್ಷೆ ಮಾಡಿ. ಪರದೆ ಮೇಲೆ ದೊಡ್ಡದಾಗಿ ತೆರೆದು, ಮನಸ್ಸಿನಲ್ಲೇ ಅದನ್ನು ಒಂಬತ್ತು ಚೌಕ ಮಾಡಿ, ಮೂರು ಸಾಲು, ಮೂರು ಕಂಬ. ಒಂದೊಂದು ಚೌಕಕ್ಕೂ ಒಂದೇ ಮಾತಿನ ಹೆಸರು ಕೊಡಿ: ಬಾಗಿಲು, ಮರ, ಹಳದಿ ಗೋಡೆ, ಸೈಕಲ್, ಮೆಟ್ಟಿಲು. ಆರು ಏಳು ಚೌಕಕ್ಕೆ ಬೇರೆ ಬೇರೆ ಹೆಸರು ಬಂದರೆ ಚಿತ್ರ ಪಾಸು. "ಆಕಾಶ, ಆಕಾಶ, ಆಕಾಶ" ಅಂತ ಮೂರು ಸಲ ಬಂದರೆ ಆ ಮೇಲಿನ ಭಾಗ ಕತ್ತರಿಸಿ ಬಳಸಿ.

ಇನ್ನೊಂದು ಬಗೆಯ ಮೋಸ ಇದೆ, ಎರಡೂ ಬದಿ ಒಂದೇ ಇರುವ ಚಿತ್ರ. ನವಲಗುಂದದ ಜಮಖಾನೆ ತುಂಬಾ ಬಣ್ಣ ಇರುವುದರಿಂದ ಸುಲಭ ಅನ್ನಿಸುತ್ತದೆ. ಆದರೆ ಎಡಗಡೆ ಇದ್ದ ನವಿಲೇ ಬಲಗಡೆಯೂ ಇರುತ್ತದೆ. ಬಣ್ಣ ಹೊಂದುತ್ತದೆ, ಜಾಗ ಹೊಂದುವುದಿಲ್ಲ. ಕಪ್ಪು ಚಂದ್ರಕಾಳಿ ಸೀರೆ ಮೇಲಿನ ಕಸೂತಿಯೂ ಹಾಗೆ, ಗೋಪುರದ ಪಕ್ಕ ಇನ್ನೊಂದು ಗೋಪುರ, ನಡುವೆ ಬರೀ ಕಪ್ಪು. ಇವು ಇಪ್ಪತ್ತು ಚಿತ್ರ ಮುಗಿಸಿದವರಿಗೆ. ನಿಮ್ಮ ಮೊದಲ ಚಿತ್ರಕ್ಕೆ ಬೇಡ.

ಲಕ್ಕುಂಡಿಯ ಗುಡಿಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಕಲ್ಲು ಪೂರ್ತಿ ಒಂದೇ ಬೂದು ಬಣ್ಣ, ಆದರೂ ಅದು ಒಳ್ಳೆಯ ಚಿತ್ರವೇ, ಒಂದು ಷರತ್ತಿನ ಮೇಲೆ. ಬೆಳಗಿನ ಅಥವಾ ಸಂಜೆಯ ಅಡ್ಡ ಬಿಸಿಲಿನಲ್ಲಿ ತೆಗೆದಿರಬೇಕು. ಆಗ ಕೆತ್ತನೆಯ ಒಂದು ಮಗ್ಗುಲಿಗೆ ನೆರಳು ಬಿದ್ದು ಗೆರೆಗಳು ಎದ್ದು ಕಾಣುತ್ತವೆ. ನಡು ಮಧ್ಯಾಹ್ನದ ಫೋಟೊ ಆದರೆ ಎಲ್ಲಾ ಚಪ್ಪಟೆ. ಅಲ್ಲಿನ ಮುಸುಕಿನ ಬಾವಿಯ ಫೋಟೊ ನನಗೆ ಇಷ್ಟ, ಆದರೆ ಮೆಟ್ಟಿಲುಗಳು ಒಂದರಂತೆ ಒಂದು ಇರುವುದರಿಂದ 100 ತುಂಡಿಗಿಂತ ಮೇಲೆ ಹೋಗಲು ನನಗೂ ಧೈರ್ಯವಿಲ್ಲ.

ಎಚ್ಚರಿಕೆಯ ಗುರುತು: ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಫೋಟೊ ತುಂಡು ಮಾಡಿದ ಮೇಲೆ ಮಸಕಾಗಿ ಕಾಣುತ್ತದೆ. ಮೂಲ ಫೋಟೊ ಇದ್ದವರಿಂದ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ, ಆಗ ಗುಣಮಟ್ಟ ಇಳಿಯುವುದಿಲ್ಲ.

ಹಂತ 2: ಎಷ್ಟು ತುಂಡು?

ಮಂದಿ ಲೆಕ್ಕ ತಪ್ಪುವುದು ಇಲ್ಲಿ. ರಟ್ಟಿನ ಜಿಗ್ಸಾ ಆದರೆ ಇಡೀ ಪಡಸಾಲೆ ತುಂಬ ಹರಡಬಹುದು. ಕಂಪ್ಯೂಟರ್ ಪರದೆ ಪಡಸಾಲೆ ಅಲ್ಲ, ಒಂದು ಗಂಗಾಳ ಇದ್ದಂತೆ. ಚಿತ್ರವೂ ಅದರಲ್ಲೇ ಆಗಬೇಕು, ಬಿಡಿ ತುಂಡುಗಳೂ ಅದರಲ್ಲೇ ಇರಬೇಕು. ಅಂದರೆ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಅರ್ಧ ಪರದೆ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅಡ್ಡ 1366, ಉದ್ದ 768 ಪಿಕ್ಸೆಲ್, ಅಂದರೆ ಪರದೆ ಮೇಲೆ ಚಿತ್ರ ಮೂಡಿಸುವ ಚುಕ್ಕಿಗಳು, ಇರುತ್ತವೆ. ಒಟ್ಟು ಸುಮಾರು 10.5 ಲಕ್ಷ. ಅರ್ಧ ಎಂದರೆ 5.25 ಲಕ್ಷ. ಇದನ್ನು 100 ತುಂಡಿಗೆ ಹಂಚಿದರೆ ಒಂದೊಂದು ತುಂಡು ಸುಮಾರು 72 ಪಿಕ್ಸೆಲ್ ಅಗಲ. 15.6 ಇಂಚಿನ ಪರದೆ ಮೇಲೆ ಅದು ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದು. 300 ತುಂಡಾದರೆ 42 ಪಿಕ್ಸೆಲ್, ಅಂಗಿಯ ಗುಂಡಿಯಷ್ಟು. 500ಕ್ಕೆ 32. 1000ಕ್ಕೆ 23 ಪಿಕ್ಸೆಲ್, ಅಂದರೆ ತೊಗರಿಬೇಳೆ. ಬೇಳೆ ಆರಿಸುವುದು ಅಡುಗೆಮನೆಯಲ್ಲೇ ಸಾಕು, ಅಲ್ವಾ?

ಪರದೆ 1920 ಬೈ 1080 ಇದ್ದರೆ ಸ್ವಲ್ಪ ಉಸಿರಾಡಬಹುದು. 300 ತುಂಡಿಗೆ 59 ಪಿಕ್ಸೆಲ್, 500ಕ್ಕೆ 45, 1000ಕ್ಕೆ 32. ನನ್ನ ಅನುಭವದಲ್ಲಿ 45ಕ್ಕಿಂತ ಕೆಳಗೆ ಹೋದರೆ ಖುಷಿ ಹೋಗಿ ಕಣ್ಣುರಿ ಉಳಿಯುತ್ತದೆ. ನಿಮ್ಮ ಪರದೆ ಯಾವುದು ಅಂತ ತಿಳಿಯಲು ವಿಂಡೋಸ್‌ನಲ್ಲಿ ಖಾಲಿ ಡೆಸ್ಕ್‌ಟಾಪ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ ಆ ಎರಡು ಅಂಕಿ ಕಾಣುತ್ತವೆ.

ಮೊದಲ ಚಿತ್ರ 48 ತುಂಡು. ನಗಬೇಡಿ. ಕೈಗೆ ಮೌಸ್ ಹೊಂದಿಕೊಳ್ಳಲು ಅಷ್ಟು ಬೇಕು. ಎರಡನೆಯದು 100, ನಂತರ 150. 300ಕ್ಕೆ ಹೋಗುವುದು ಐದಾರು ಚಿತ್ರ ಮುಗಿದ ಮೇಲೆ.

ತುಂಡು ತಿರುಗಿಸುವ ಆಯ್ಕೆ ಒಂದಿರುತ್ತದೆ. ಅದು ಚಾಲೂ ಇದ್ದರೆ ತುಂಡುಗಳು ತಲೆಕೆಳಗಾಗಿ, ಅಡ್ಡಡ್ಡವಾಗಿ ಬೀಳುತ್ತವೆ. ಪ್ರತಿ ತುಂಡನ್ನೂ ನಾಲ್ಕು ಬಗೆಯಲ್ಲಿ ಇಟ್ಟು ನೋಡಬೇಕಾಗುತ್ತದೆ. ಶುರುವಿನಲ್ಲಿ ಅದನ್ನು ಬಂದ್ ಮಾಡಿ. "ಒಂದೂ ಕುಂದ್ರವಲ್ದು" ಅಂದವರ ಮನೆಯಲ್ಲಿ ಅರ್ಧ ಸಲ ನಾನು ಕಂಡಿದ್ದು ಇದನ್ನೇ.

ಹಂತ 3: ಎಲ್ಲಿ ಆಡುವುದು?

ಎರಡು ದಾರಿ. ಬ್ರೌಸರ್‌ನಲ್ಲೇ ಆಡುವುದು, ಇಲ್ಲವೇ ಕಂಪ್ಯೂಟರ್‌ಗೆ ಆಟ ಹಾಕಿಕೊಳ್ಳುವುದು.

ಬ್ರೌಸರ್‌ನಲ್ಲಿ ಜಿಗ್ಸಾ ಪ್ಲಾನೆಟ್, ಜಿಗ್ಸಾ ಎಕ್ಸ್‌ಪ್ಲೋರರ್ ಇವೆ. ಎರಡರಲ್ಲೂ ದುಡ್ಡು ಕೊಡದೆ ಆಡಬಹುದು. ಜಿಗ್ಸಾ ಪ್ಲಾನೆಟ್‌ನಲ್ಲಿ ನಿಮ್ಮದೇ ಫೋಟೊ ಏರಿಸಿ ತುಂಡು ಮಾಡಿಸಬಹುದು. ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇರುವವರಿಗೆ ಪಾಲಾಪೆಲಿ ಎಂಬ ಉಚಿತ ಆಟ ಇದೆ. ಫಿನ್ನಿಶ್ ಭಾಷೆಯಲ್ಲಿ ಆ ಪದಕ್ಕೆ ಜಿಗ್ಸಾ ಎಂದೇ ಅರ್ಥ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ನಿಮ್ಮ ಫೋಟೊ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ಮನೆಯವರ ಫೋಟೊ, ಮೊಮ್ಮಕ್ಕಳ ಫೋಟೊ ಜೋಡಿಸುವ ಆಸೆ ಇದ್ದರೆ ಇಂಥದ್ದೇ ಒಳ್ಳೆಯದು. ಸೈಟಿಗೆ ಏರಿಸಿದ ಫೋಟೊ ಬೇರೆಯವರಿಗೂ ಕಾಣುವಂತೆ ಇರಬಹುದು. ಏರಿಸುವ ಮುಂಚೆ ಆ ಆಯ್ಕೆ ನೋಡಿಕೊಳ್ಳಿ.

ಗೂಗಲ್‌ನಲ್ಲಿ ಸುಮ್ನೆ "ಫ್ರೀ ಜಿಗ್ಸಾ" ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತುವವರೇ ಜಾಸ್ತಿ. ಈ ಗುರುತು ಕಂಡರೆ ಆ ಪುಟ ಮುಚ್ಚಿ:

ಆಡಲು ಒಂದು ಫೈಲ್ ಇಳಿಸಿಕೊಳ್ಳಿ ಎನ್ನುತ್ತದೆ. ಬ್ರೌಸರ್ ಆಟಕ್ಕೆ ಫೈಲ್ ಬೇಕಿಲ್ಲ.

ನೋಟಿಫಿಕೇಶನ್‌ಗೆ "ಅಲೋ" ಒತ್ತಿದರೆ ಮಾತ್ರ ಮುಂದೆ ಎನ್ನುತ್ತದೆ. ಒತ್ತಿದರೆ ಆಮೇಲೆ ದಿನವಿಡೀ ಪರದೆಯ ಮೂಲೆಯಲ್ಲಿ ಜಾಹೀರಾತು ಹಾರುತ್ತಿರುತ್ತವೆ.

ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎನ್ನುತ್ತದೆ. ಶುದ್ಧ ಮೋಸ. ಮೊಬೈಲ್ ನಂಬರ್, ಒಟಿಪಿ ಕೇಳಿದರೂ ಅಷ್ಟೇ. ಚಿತ್ರ ಜೋಡಿಸಲು ಒಟಿಪಿ ಯಾಕೆ ಬೇಕು?

ಹಂತ 4: ಐದು ತುಂಡಿನ ಪರೀಕ್ಷೆ

ಒಮ್ಮೆ ತ್ರಿಕೂಟೇಶ್ವರ ಗುಡಿಯ ಚಿತ್ರ 300ರಲ್ಲಿ ಸುಮಾರು 220 ತುಂಡು ಜೋಡಿಸಿದ್ದೆ. ಮೂರು ರಾತ್ರಿಯ ಕೆಲಸ. ಕರೆಂಟ್ ಹೋಯಿತು. ವಾಪಸ್ ಬಂದಾಗ ಆ ಆಟದಲ್ಲಿ 300 ತುಂಡೂ ಮತ್ತೆ ಚೆಲ್ಲಾಪಿಲ್ಲಿ. ಆಟ ತಾನೇ ಉಳಿಸಿಕೊಳ್ಳುತ್ತದೆ ಎಂದು ನಂಬಿದ್ದೆ, ಪರೀಕ್ಷೆ ಮಾಡಿರಲಿಲ್ಲ.

ಅದಕ್ಕೆ ಈಗ ಯಾವ ಹೊಸ ಆಟವಾದರೂ ಐದು ತುಂಡು ಜೋಡಿಸಿ, ಪುಟ ಮುಚ್ಚಿ, ಬ್ರೌಸರ್ ಕೂಡ ಮುಚ್ಚಿ, ಮತ್ತೆ ತೆರೆಯುತ್ತೇನೆ. ಐದೂ ಇದ್ದಲ್ಲೇ ಇದ್ದರೆ ಮುಂದುವರಿಯುತ್ತೇನೆ. ಇಲ್ಲದಿದ್ದರೆ ಸೇವ್ ಬಟನ್ ಹುಡುಕುತ್ತೇನೆ. ಅದೂ ಇಲ್ಲದಿದ್ದರೆ ಆ ಆಟಕ್ಕೆ ನಮಸ್ಕಾರ.

ಒಂದು ಮಾತು ತಿಳಿದಿರಲಿ. ಖಾತೆ ಇಲ್ಲದೆ ಆಡಿದರೆ ನಿಮ್ಮ ಆಟ ಸಾಮಾನ್ಯವಾಗಿ ಆ ಬ್ರೌಸರ್ ಒಳಗೇ ಉಳಿದಿರುತ್ತದೆ. ಕ್ರೋಮ್‌ನಲ್ಲಿ ಆಡಿದ್ದು ಫೈರ್‌ಫಾಕ್ಸ್‌ನಲ್ಲಿ ಕಾಣುವುದಿಲ್ಲ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಆಡಿದ್ದು ಮುಚ್ಚಿದ ಕೂಡಲೇ ಹೋಗುತ್ತದೆ. ಮಗ ಬಂದು "ಕಂಪ್ಯೂಟರ್ ಸ್ಲೋ ಆಗೈತಿ ಅಪ್ಪಾ, ಎಲ್ಲಾ ಕ್ಲೀನ್ ಮಾಡ್ತೀನಿ" ಅಂತ ಕುಕೀಸ್ ಅಳಿಸಿದರೂ ಹೋಗುತ್ತದೆ. ಮೊದಲೇ ಹೇಳಿಡಿ.

ಹಂತ 5: ಪರದೆ, ಮೌಸ್ ಹದ ಮಾಡುವುದು

ಜಿಗ್ಸಾ ಪುಟವನ್ನು ಬೇರೆ ಕಿಟಕಿಯಲ್ಲಿ ತೆರೆದು ಎಫ್ 11 ಒತ್ತಿ. ಮೇಲಿನ ಪಟ್ಟಿ ಮಾಯವಾಗಿ ಪೂರ್ತಿ ಪರದೆ ಸಿಗುತ್ತದೆ. ಹೊರಬರಲೂ ಅದೇ ಎಫ್ 11. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಗುಂಡಿಯನ್ನೂ ಜೊತೆಗೆ ಒತ್ತಬೇಕು.

ತುಂಡು ಚಿಕ್ಕದಾಯಿತು ಅಂತ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟ ಹಿಗ್ಗಿಸುವವರಿದ್ದಾರೆ. ತುಂಡೇನೋ ದೊಡ್ಡದಾಗಬಹುದು, ಜಾಗ ಅಷ್ಟೇ ಕಡಿಮೆಯಾಗುತ್ತದೆ. ಕೆಲವು ಆಟಗಳಲ್ಲಿ ಗುಂಡಿಗಳೇ ಪರದೆಯಿಂದ ಹೊರಗೆ ಹೋಗುತ್ತವೆ. ಹಾಗಾದರೆ ಕಂಟ್ರೋಲ್ ಮತ್ತು ಸೊನ್ನೆ ಒತ್ತಿ, ಮೊದಲಿನಂತಾಗುತ್ತದೆ. ಆಟದೊಳಗೇ ಹಿಗ್ಗಿಸುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಪಾಲಾಪೆಲಿಯಲ್ಲಿ ಮೌಸ್‌ನ ಗಾಲಿ ತಿರುಗಿಸಿದರೆ ಸಾಕು.

ಬೆರಳು ನೋವು, ಸಂಧಿವಾತ ಇರುವ ಹಿರಿಯರಿಗೆ ಒಂದು ಉಪಾಯ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್ ಎಂಬಲ್ಲಿ ಕ್ಲಿಕ್‌ಲಾಕ್ ಅಂತ ಒಂದು ಆಯ್ಕೆ ಇದೆ. ಅದನ್ನು ಚಾಲೂ ಮಾಡಿದರೆ ಗುಂಡಿಯನ್ನು ಕ್ಷಣ ಹೊತ್ತು ಒತ್ತಿ ಬಿಟ್ಟರೆ ಸಾಕು, ತುಂಡು ಕೈಗೆ ಅಂಟಿಕೊಳ್ಳುತ್ತದೆ. ಸರಿಸಿ, ಮತ್ತೊಮ್ಮೆ ಒತ್ತಿದರೆ ಬಿಡುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಇದನ್ನು ಕಲಿತ ಮೇಲೆ ನನಗಿಂತ ಮುಂದೆ ಹೋಗಿದ್ದಾರೆ.

ಮೌಸ್ ಸಿಕ್ಕಿಸಿದ ಮೇಲೂ ಟಚ್‌ಪ್ಯಾಡ್‌ಗೆ ಅಂಗೈ ತಾಗದಂತೆ ನೋಡಿಕೊಳ್ಳಿ. ಎರಡು ಬೆರಳು ಅಡ್ಡ ಸರಿದರೆ ಬ್ರೌಸರ್ ಹಿಂದಿನ ಪುಟಕ್ಕೆ ಹಾರಿಬಿಡುವುದುಂಟು.

ಹಂತ 6: ಅಂಚು ಕಟ್ಟುವುದು

ಈಗ ಆಟ ಶುರು. ಒಂದು ಬದಿ ನೆಟ್ಟಗೆ ಇರುವ ತುಂಡುಗಳನ್ನು ಮಾತ್ರ ಆರಿಸಿ. ಎರಡು ಬದಿ ನೆಟ್ಟಗಿದ್ದರೆ ಮೂಲೆ. ಹೆಚ್ಚಿನ ಆಟಗಳಲ್ಲಿ ಅಂಚಿನ ತುಂಡು ಮಾತ್ರ ತೋರಿಸುವ ಗುಂಡಿ ಇದೆ. ಅದನ್ನು ಒತ್ತಲು ನಾಚಿಕೆ ಬೇಡ, ಅದು ಮೋಸ ಅಲ್ಲ.

ಎಷ್ಟು ಸಿಗಬೇಕು ಎಂಬ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ಅಡ್ಡ ಸಾಲಿನ ಸಂಖ್ಯೆಗೆ ಉದ್ದ ಸಾಲಿನ ಸಂಖ್ಯೆ ಕೂಡಿಸಿ, ಎರಡರಿಂದ ಗುಣಿಸಿ, ನಾಲ್ಕು ಕಳೆಯಿರಿ. 20 ಅಡ್ಡ, 15 ಉದ್ದದ 300 ತುಂಡಿಗೆ ಅಂಚು 66. 10 ಬೈ 10ರ 100 ತುಂಡಿಗೆ 36. 66 ಬರಬೇಕಾದಲ್ಲಿ 61 ಸಿಕ್ಕರೆ ಇನ್ನೂ ಐದು ಎಲ್ಲೋ ಇನ್ನೊಂದು ತುಂಡಿನ ಕೆಳಗೆ ಅಡಗಿವೆ ಎಂದರ್ಥ.

ಕೆಳಗಿನ ಅಂಚಿನಿಂದ ಶುರು ಮಾಡಿ. ಸಾಮಾನ್ಯವಾಗಿ ಫೋಟೊದ ಕೆಳಭಾಗದಲ್ಲಿ ನೆಲ, ಕಾಲು, ಕಲ್ಲು, ಹುಲ್ಲು ಅಂತ ಗುರುತು ಜಾಸ್ತಿ. ಮೇಲಂಚು ಆಕಾಶ, ಅದು ಕೊನೆಗೆ. ಮೇಲಂಚು ಹದಿನೈದು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು ಮುಂದೆ ಹೋಗಿ. ಅಂಚು ಪೂರ್ತಿ ಆಗಲೇಬೇಕು ಅಂತ ಹಟ ಹಿಡಿದು ಕೂತವರೇ ಹೆಚ್ಚು ಬೇಸರಪಟ್ಟು ಎದ್ದಿದ್ದಾರೆ.

ಹಂತ 7: ವಿಂಗಡಿಸುವುದು

ಅಂಚು ಆದ ಕೂಡಲೇ ಜೋಡಿಸಲು ನುಗ್ಗಬೇಡಿ. ಹದಿನೈದು ಇಪ್ಪತ್ತು ನಿಮಿಷ ಬರೀ ಗುಂಪು ಮಾಡಿ. ಆಟದಲ್ಲಿ ತಟ್ಟೆ ಅಥವಾ ಪೆಟ್ಟಿಗೆಯಂಥ ಸೌಲಭ್ಯ ಇದ್ದರೆ ಬಳಸಿ. ಪಾಲಾಪೆಲಿಯಲ್ಲಿ ಇಂಥ ಪೆಟ್ಟಿಗೆಗಳಿವೆ, ಶಿಫ್ಟ್ ಹಿಡಿದು ತುಂಡಿನ ಮೇಲೆ ಒತ್ತಿದರೆ ಅದರೊಳಗೆ ಹೋಗುತ್ತದೆ. ಇಲ್ಲದಿದ್ದರೆ ಪರದೆಯ ನಾಲ್ಕು ಮೂಲೆಗಳೇ ನಿಮ್ಮ ಬುಟ್ಟಿ.

ಬರೀ ಬಣ್ಣದ ಮೇಲೆ ಗುಂಪು ಮಾಡಿದರೆ ಸಾಲದು. "ಹಸಿರು" ಅಂತ ಒಂದೇ ರಾಶಿ ಹಾಕಿದರೆ ಮರ, ಹುಲ್ಲು, ಬಾಗಿಲು ಎಲ್ಲಾ ಕಲಸಿಹೋಗುತ್ತವೆ. ವಸ್ತುವಿನ ಮೇಲೆ ಗುಂಪು ಮಾಡಿ: ಬಾಗಿಲಿನ ಹಸಿರು, ಮರದ ಹಸಿರು. ಐದು ಗುಂಪು ಸಾಕು. ಗೊತ್ತಾಗದ ತುಂಡಿಗೆ ಆರನೆಯದು. ಆ ಆರನೆಯ ಗುಂಪೇ ಎಲ್ಲಕ್ಕಿಂತ ದೊಡ್ಡದಾದರೆ ಚಿತ್ರ ತಪ್ಪು ಆರಿಸಿದ್ದೀರಿ, ಹಂತ 1ಕ್ಕೆ ವಾಪಸ್.

ಹಂತ 8: ಒಳಗೆ ತುಂಬುವುದು

ಮೊದಲು ಗೆರೆಗಳು. ಗೋಡೆ ಮುಗಿದು ಬಾನು ಶುರುವಾಗುವ ಗೆರೆ, ಬಾಗಿಲಿನ ಚೌಕಟ್ಟು, ವಿದ್ಯುತ್ ತಂತಿ. ಗೆರೆ ಒಂದು ತುಂಡಿನಿಂದ ಇನ್ನೊಂದಕ್ಕೆ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಆಮೇಲೆ ಅಕ್ಷರಗಳು. ಅಂಗಡಿ ಬೋರ್ಡು ಇದ್ದರೆ ಅದೃಷ್ಟ. ನಂತರ ಮುಖ, ಕೈ, ಬಟ್ಟೆ.

ಎಲ್ಲವನ್ನೂ ಅಂಚಿಗೇ ಸೇರಿಸುತ್ತಾ ಬರಬೇಕೆಂದಿಲ್ಲ. ಸೈಕಲ್ ಒಂದನ್ನು ಪಕ್ಕದಲ್ಲೇ ಪೂರ್ತಿ ಜೋಡಿಸಿ, ಇಡೀ ಸೈಕಲ್ಲನ್ನು ಎಳೆದು ತಂದು ಕೂರಿಸಿ. ಕಂಪ್ಯೂಟರ್‌ನಲ್ಲಿ ಕೂಡಿದ ತುಂಡುಗಳು ಒಟ್ಟಿಗೇ ಚಲಿಸುತ್ತವೆ, ಮುರಿಯುವುದಿಲ್ಲ. ರಟ್ಟಿನ ಜಿಗ್ಸಾಗಿಂತ ಇಲ್ಲಿ ಸಿಗುವ ದೊಡ್ಡ ಅನುಕೂಲ ಇದು.

ಮಾದರಿ ಚಿತ್ರ ಮೂಲೆಯಲ್ಲಿ ತೆರೆದಿರಲಿ. ಆದರೆ ಹಿನ್ನೆಲೆಯಲ್ಲಿ ಮಸಕಾಗಿ ಇಡೀ ಚಿತ್ರ ತೋರಿಸುವ ಆಯ್ಕೆಯನ್ನು ನಾನು ಬಳಸುವುದಿಲ್ಲ. ಉತ್ತರ ಪತ್ರಿಕೆ ಮೇಲೆ ಕೂತು ಪರೀಕ್ಷೆ ಬರೆದಂತೆ. ಚಿಕ್ಕ ಮಕ್ಕಳು ಆಡುವಾಗ ಪರವಾಗಿಲ್ಲ.

ಒಂದು ತುಂಡನ್ನು ಹಿಡಿದು ಅದರ ಜಾಗ ಹುಡುಕಬೇಡಿ. ಒಂದು ಖಾಲಿ ಜಾಗ ನೋಡಿ, ಅದರ ತುಂಡು ಹುಡುಕಿ. ಖಾಲಿ ಜಾಗದ ಸುತ್ತಲಿನ ಬಣ್ಣ, ಉಬ್ಬು, ತಗ್ಗು ಎಲ್ಲಾ ಕಣ್ಣಿಗೆ ಕಾಣುತ್ತಿರುತ್ತವೆ. ಬಿಡಿ ತುಂಡಿಗೆ ಅಷ್ಟು ಗುರುತು ಇರುವುದಿಲ್ಲ.

ಹಂತ 9: ಉಳಿದ ಆಕಾಶ

ಕೊನೆಗೆ ನಲವತ್ತು ಐವತ್ತು ನೀಲಿ ತುಂಡು ಉಳಿಯುತ್ತವೆ. ಇಲ್ಲಿ ಬಣ್ಣ ಮರೆತುಬಿಡಿ, ಆಕಾರ ನೋಡಿ. ಮಾಮೂಲಿ ಆಕಾರದ ಒಳತುಂಡಿಗೆ ನಾಲ್ಕು ಬದಿ, ಪ್ರತಿ ಬದಿಯೂ ಉಬ್ಬು ಅಥವಾ ತಗ್ಗು. ತಿರುಗಿಸಿ ನೋಡಿದರೂ ಒಟ್ಟು ಬಗೆ ಆರೇ: ನಾಲ್ಕೂ ಉಬ್ಬು, ನಾಲ್ಕೂ ತಗ್ಗು, ಮೂರು ಉಬ್ಬು ಒಂದು ತಗ್ಗು, ಮೂರು ತಗ್ಗು ಒಂದು ಉಬ್ಬು, ಎರಡು ಉಬ್ಬು ಎದುರುಬದುರು, ಎರಡು ಉಬ್ಬು ಅಕ್ಕಪಕ್ಕ. ನೀಲಿ ತುಂಡುಗಳನ್ನು ಈ ಆರು ಸಾಲಾಗಿ ಇಡಿ. ಖಾಲಿ ಜಾಗ ಯಾವ ಬಗೆ ಕೇಳುತ್ತದೋ ಆ ಸಾಲಿನಿಂದ ಮಾತ್ರ ಒಂದೊಂದಾಗಿ ಇಟ್ಟು ನೋಡಿ. ಐವತ್ತು ಸಲದ ಪ್ರಯತ್ನ ಎಂಟು ಹತ್ತಕ್ಕೆ ಇಳಿಯುತ್ತದೆ.

ಕಣ್ಣು ಉರಿಯುವುದು, ಒಂದೇ ತುಂಡನ್ನು ಅದೇ ಜಾಗದಲ್ಲಿ ಮೂರನೇ ಸಲ ಇಡುವುದು, ಕುತ್ತಿಗೆ ಪರದೆಯ ಕಡೆ ಬಾಗಿರುವುದು ಇವು ಏಳಬೇಕು ಎಂಬ ಗುರುತು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಕಿಟಕಿಯಾಚೆ ಬೇವಿನ ಮರ ಇದ್ದರೆ ಸಾಕು.

ಕೊನೆಯ ತುಂಡು ಕಾಣುತ್ತಿಲ್ಲ!

ಈ ಫೋನ್ ತಪ್ಪದೆ ಬರುತ್ತದೆ. 299 ಆಗಿದೆ, ಒಂದಿಲ್ಲ. ರಟ್ಟಿನದಾದರೆ ಸೋಫಾ ಕೆಳಗೆ ಹೋಗಿರಬಹುದು. ಕಂಪ್ಯೂಟರ್‌ನಲ್ಲಿ ತುಂಡು ಕಳೆಯುವುದಿಲ್ಲ, ಅಡಗಿರುತ್ತದೆ. ಈ ಕ್ರಮದಲ್ಲಿ ಹುಡುಕಿ. ಮೊದಲು ಇಡೀ ಚಿತ್ರವನ್ನೇ ಹಿಡಿದು ಪಕ್ಕಕ್ಕೆ ಎಳೆಯಿರಿ, ಅದರ ಕೆಳಗೆ ಇರಬಹುದು. ಚಿತ್ರ ಅಲುಗಾಡದ ಆಟವಾದರೆ ತುಂಡುಗಳನ್ನು ಮತ್ತೆ ಹರಡುವ ಗುಂಡಿ ಇರುತ್ತದೆ, ಒತ್ತಿ. ಎರಡನೆಯದು, ಅಂಚು ಮಾತ್ರ ತೋರಿಸುವ ಗುಂಡಿ ಇನ್ನೂ ಒತ್ತಿದಂತೆಯೇ ಇದೆಯೇ ನೋಡಿ. ಇದ್ದರೆ ಒಳಗಿನ ತುಂಡು ಕಾಣುವುದೇ ಇಲ್ಲ. ಮೂರನೆಯದು, ತಟ್ಟೆ, ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಯಿರಿ. ಕೊನೆಗೆ, ಮೂಲೆಯಲ್ಲಿ ತೆರೆದಿಟ್ಟ ಮಾದರಿ ಚಿತ್ರವನ್ನು ಮುಚ್ಚಿ. ನಾನು ಹೋಗಿ ಹುಡುಕಿಕೊಟ್ಟ ತುಂಡುಗಳಲ್ಲಿ ಹೆಚ್ಚಿನವು ಅದರ ಹಿಂದೆಯೇ ಕೂತಿದ್ದವು.